ನೀರು ಚಿಮುಕಿಸಿದ ಪರಾಗ

ಖರ್ಜೂರದ ಗಂಡು ಹೂವಿಗೆ ನೀರು ಮುಟ್ಟಿಸಬಾರದು. ಬರ್ಕಾದ ತೋಟದಲ್ಲಿ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗಲೆಲ್ಲ ನಾನೂ ನಗುತ್ತಿದ್ದೆ, ಕೇಳಿದವರನ್ನೂ ನಗಿಸುತ್ತಿದ್ದೆ. ಆ ದಿನಗಳ ಆ ಮನುಷ್ಯ ಈಗ ನನ್ನೆದುರು ಸಿಕ್ಕಿದರೆ ಕಪಾಳಕ್ಕೆ ಬಾರಿಸಿಯೇನು. ವಯಸ್ಸಾದಂತೆ ಕೋಪ ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಮೊದಲು ಅದು ಹೆಂಡತಿಯ ಕಡೆ ತಿರುಗಿತ್ತು, ಈಗ ನನ್ನ ಕಡೆ ತಿರುಗಿದೆ, ಅಷ್ಟೆ.

ನಾನು ಪುತ್ತೂರು ಕಡೆಯವನು. ಹತ್ತನೆಯ ತರಗತಿ ಮುಗಿಸಿ, ಊರಿನ ನರ್ಸರಿಯೊಂದರಲ್ಲಿ ಕಸಿ ಕಟ್ಟುವುದನ್ನು ಕಲಿತು, ಅದರ ಬಲದ ಮೇಲೆ ಒಮಾನಿಗೆ ಹೋದವನು. ಎರಡು ಸಾವಿರದ ಆಸುಪಾಸಿನ ವರ್ಷಗಳಲ್ಲಿ ಬರ್ಕಾದ ಹೊರಗೆ ಒಬ್ಬ ಒಮಾನಿಯ ತೋಟದಲ್ಲಿ ಸೂಪರ್‌ವೈಸರ್ ಆಗಿದ್ದೆ. ನೆಟ್ ಹಾಕಿದ ಮನೆಗಳಲ್ಲಿ ಸೌತೆ, ಟೊಮೆಟೊ. ಅದರಾಚೆ ಸಾಲಾಗಿ ಖರ್ಜೂರದ ಮರಗಳು. ಎಲ್ಲರೂ ಅರ್ಬಾಬ್ ಎಂದು ಕರೆಯುತ್ತಿದ್ದ ಯಜಮಾನರು ತೋಟದ ಮೂಲೆಯಲ್ಲಿ ನನಗೊಂದು ಸಣ್ಣ ಮನೆ ಕೊಟ್ಟಿದ್ದರು. ಫ್ಯಾಮಿಲಿ ವೀಸಾ ಮಾಡಿಸಿ ಹೆಂಡತಿಯನ್ನು ಕರೆಸಿಕೊಂಡಿದ್ದೆ. ಅವಳು ಬಂದವಳೇ ಬಾಗಿಲ ಪಕ್ಕದಲ್ಲಿ ಒಂದು ಕೆಂಪು ದಾಸವಾಳ ನೆಟ್ಟಳು. ಅದು ಆ ಉಪ್ಪು ನೀರಿಗೂ ಬೆಳೆಯಿತು.

ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಚಳಿ ಮುಗಿಯುವ ಹೊತ್ತಿಗೆ ಎರಡರಲ್ಲೂ ದೋಣಿಯಂಥ ಗಟ್ಟಿ ಹೊದಿಕೆ ಒಡೆದು ಹೂಗೊಂಚಲು ಹೊರಬರುತ್ತದೆ. ಗಂಡಿನದು ಬಿಳಿ, ಅಲುಗಿಸಿದರೆ ಹಿಟ್ಟಿನಂಥ ಪರಾಗ ಉದುರುತ್ತದೆ. ಹೆಣ್ಣಿನದು ಹಳದಿ ಮಣಿ ಪೋಣಿಸಿದಂತೆ. ಗಾಳಿಯನ್ನು ನಂಬಿ ಕೂತರೆ ಆಗುವುದಿಲ್ಲ. ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೆಣ್ಣು ಮರ ಹತ್ತಿ, ಗಂಡು ಹೂವಿನ ಕೆಲವು ಎಳೆಗಳನ್ನು ಅವಳ ಗೊಂಚಲಿನ ನಡುವೆ ಸಿಕ್ಕಿಸಿ, ಸಡಿಲವಾಗಿ ಕಟ್ಟಿ ಇಳಿಯಬೇಕು. ಅದೂ ಹೊದಿಕೆ ಒಡೆದ ಕೆಲವೇ ದಿನಗಳೊಳಗೆ.

ನನ್ನ ಮೊದಲ ವರ್ಷ. ಅರ್ಬಾಬ್ ಗಂಡು ಮರದ ಗೊಂಚಲುಗಳನ್ನು ಕಡಿಸಿ, "ಜೋಪಾನವಾಗಿ ಇಡು" ಎಂದು ನನ್ನ ಕೈಗೆ ಕೊಟ್ಟರು. ನೋಡಿದೆ. ನಮ್ಮೂರ ಹಿಂಗಾರವೇ! ನಾಗನಿಗೆ, ಭೂತಕ್ಕೆ ಅಡಿಕೆಯ ಹೂಗೊಂಚಲಾದ ಹಿಂಗಾರ ಇಡುವವರು ನಾವು. ಪೂಜೆಗೆ ಮೊದಲೇ ತಂದರೆ ಬಾಡದ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಆಗಾಗ ನೀರು ಚಿಮುಕಿಸಿ, ನೆರಳಲ್ಲಿ ಇಡುವುದು ನಮ್ಮ ಪದ್ಧತಿ. ನಾನೂ ಹಾಗೇ ಇಟ್ಟೆ. ಭಕ್ತಿಯಿಂದ ಇಟ್ಟೆ ಎಂದರೂ ತಪ್ಪಲ್ಲ. ಆಮೇಲೆ ಆಳುಗಳು ಅದೇ ಎಳೆಗಳನ್ನು ಮರಗಳಿಗೆ ಕಟ್ಟಿದರು.

ಆ ಬೇಸಿಗೆಯಲ್ಲಿ ಗೊಂಚಲುಗಳು ಬೆಳೆದದ್ದು ವಿಚಿತ್ರವಾಗಿತ್ತು. ಒಂದೊಂದು ತೊಟ್ಟಿನಲ್ಲಿ ಒಂದು ಕಾಯಿ ಇರಬೇಕಾದಲ್ಲಿ ಮೂರು ಮೂರು, ಚಿಕ್ಕವು, ಒಂದನ್ನೊಂದು ಒತ್ತಿಕೊಂಡು. ಒಡೆದರೆ ಒಳಗೆ ಬೀಜವಿಲ್ಲ. ನಾನು ಅರ್ಬಾಬರಿಗೆ ಹೇಳಿದೆ, ಮರಗಳಿಗೆ ವಯಸ್ಸಾಗಿದೆ, ಕಡಿಸಿ ಹೊಸದು ನೆಡುವುದು ಒಳ್ಳೆಯದು ಎಂದು. ಅವರು ಹಿಂದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮರದ ಮಾತು ಬಿಡು. ಮರಕ್ಕೆ ನೀನು ಕೊಟ್ಟದ್ದೇನು?" ಒದ್ದೆ ಬಟ್ಟೆಯ ಕಥೆ ಹೇಳಿದೆ. ತಲೆಗೆ ಕೈ ಹಚ್ಚಿ ನಕ್ಕರು. "ಖಲಾಸ್! ನೀರು ಬಿದ್ದ ಪರಾಗ ಸತ್ತ ಹಾಗೆ."

ಮುಂದಿನ ವರ್ಷ ಒಣ ಕಾಗದದ ಮೇಲೆ ಹರಡಿ ಇಟ್ಟೆ. ಅದೇ ಹಳೆಯ ಮರಗಳು ಕೈ ತುಂಬ ಕೊಟ್ಟವು.

ಈ ಕಥೆ ನನ್ನ ಹೆಗ್ಗಳಿಕೆಯಾಯಿತು. ಮಸ್ಕತ್ತಿನಿಂದ, ಸೊಹಾರಿನಿಂದ ಕನ್ನಡದ ಮನೆಯವರು ಶುಕ್ರವಾರದ ರಜೆಗೆ ಮಕ್ಕಳನ್ನು ಕರೆದುಕೊಂಡು ನಮ್ಮ ತೋಟಕ್ಕೆ ಬರುತ್ತಿದ್ದರು. ಹೆಚ್ಚಿನವರು ಬೆಂಗಳೂರು, ಮೈಸೂರಿನ ಕಡೆಯವರು, ಇಂಜಿನಿಯರುಗಳು, ಆಫೀಸಿನವರು. ಹತ್ತನೆಯ ತರಗತಿಯ ನನಗೆ ಅವರ ಮುಂದೆ ತಲೆ ಎತ್ತಿ ನಿಲ್ಲಲು ಇದ್ದ ಒಂದೇ ಜಾಗ ಹೂವು. ಶಾಲೆಯಲ್ಲಿ ಹೂವಿನ ಚಿತ್ರ ಬರೆದು ಭಾಗ ಗುರುತಿಸುವ ಪ್ರಶ್ನೆಗೆ ನನ್ನ ಅಂಕ ಯಾವಾಗಲೂ ಪೂರ್ತಿ. ಅದನ್ನೇ ಬಂಡವಾಳ ಮಾಡಿಕೊಂಡೆ. ಹೆಂಡತಿಯ ದಾಸವಾಳದ ಗಿಡದಿಂದ ಒಂದು ಹೂ ಕಿತ್ತು, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮಕ್ಕಳಿಗೆ ತೋರಿಸುತ್ತಿದ್ದೆ. ಕೆಳಗಿನ ಹಸಿರು ಬಟ್ಟಲು ಪುಷ್ಪಪತ್ರ, ಮೊಗ್ಗನ್ನು ಕಾಯುವುದು ಅದರ ಕೆಲಸ. ಕೆಂಪು ದಳಗಳು ಜಾಹೀರಾತು, ಜೇನುಹುಳವನ್ನು ಕರೆಯಲಿಕ್ಕೆ. ನಡುವಿನ ಕೊಳವೆಯ ಸುತ್ತ ಹಳದಿ ಚುಕ್ಕಿಗಳು ಕೇಸರದ ತುದಿಯ ಪರಾಗಕೋಶ, ಅದು ಗಂಡು. ಕೊಳವೆಯನ್ನು ದಾಟಿ ಮೇಲೆ ನಿಂತ ಕೆಂಪು ಗುಂಡುಗಳು ಶಲಾಕಾಗ್ರ, ಅದು ಹೆಣ್ಣು. ಪರಾಗ ಅಲ್ಲಿ ಬಂದು ಅಂಟಬೇಕು. ಅಂಟಿದ ಮೇಲೆ ಅದರಿಂದ ಕೂದಲಿಗಿಂತ ಸಣ್ಣ ನಳಿಕೆ ಹೊರಟು, ಶಲಾಕೆಯ ಒಳಗೆ ಇಳಿದು, ಬುಡದಲ್ಲಿರುವ ಅಂಡಾಶಯ ಸೇರಬೇಕು. ಅಂಡಕ ಬೀಜವಾಗುತ್ತದೆ, ಅಂಡಾಶಯ ಹಣ್ಣಾಗುತ್ತದೆ, ದಳ ಉದುರಿ ಹೋಗುತ್ತದೆ.

"ಓ, ದಿಸ್ ಈಸ್ ಸ್ಟಿಗ್ಮಾ, ಅಂಕಲ್!" ಎಂದು ಮಕ್ಕಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಒಮ್ಮೆ ಒಬ್ಬ ಹುಡುಗಿ ಕೇಳಿದಳು, "ಅಂಕಲ್, ಇದಕ್ಕೆ ಎಲ್ಲ ಪಾರ್ಟ್ಸ್ ಇದ್ಯಲ್ಲ, ಮತ್ತೆ ಈ ಗಿಡದಲ್ಲಿ ಫ್ರೂಟ್ ಯಾಕಿಲ್ಲ?" ಅವಳು ಕೇಳಿದ್ದು ಸರಿಯಾಗಿತ್ತು. ಮನೆಯ ದಾಸವಾಳದಲ್ಲಿ ಕಾಯಿ ಕಾಣುವುದು ಬಹಳ ಅಪರೂಪ. "ಅದರ ಜಾತಿಯೇ ಹಾಗೆ ಮಗಾ" ಎಂದು ತಳ್ಳಿಹಾಕಿ ಎಲ್ಲರನ್ನೂ ಖರ್ಜೂರದ ಮರದ ಹತ್ತಿರ ಕರೆದೊಯ್ದೆ. ಹೆಂಡತಿ ಬಾಗಿಲಲ್ಲಿ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದಳು.

ನಮಗೆ ಮಕ್ಕಳಿರಲಿಲ್ಲ. ಅದನ್ನು ಎಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಇಲ್ಲಿಯವರೆಗೆ ಹೂವಿನ ಮಾತಾಡಿದೆ.

ಮದುವೆಯಾಗಿ ಬಹಳ ವರ್ಷವಾಗಿತ್ತು. ಊರಲ್ಲಿ ನನ್ನ ಅಕ್ಕ ಅವಳನ್ನು ಯಾವ ಯಾವ ಡಾಕ್ಟರಲ್ಲಿಗೋ, ಯಾವ ಯಾವ ಮದ್ದಿನವರಲ್ಲಿಗೋ ಕರೆದೊಯ್ದಳು. ಒಂದು ಹರಕೆ ಬಾಕಿಯಿಲ್ಲ. ಅವಳನ್ನು ಮಲಗಿಸಿದರು, ಕುಳ್ಳಿರಿಸಿದರು, ರಕ್ತ ತೆಗೆದರು, ಹೊಟ್ಟೆಯೊಳಗೆ ಬಣ್ಣದ ಮದ್ದು ಬಿಟ್ಟು ಎಕ್ಸ್‌ರೇ ತೆಗೆದರು. ಆ ದಿನ ಅವಳು ನೋವಿನಲ್ಲಿ ಬಸ್ಸಿನ ಕಂಬಿ ಹಿಡಿದುಕೊಂಡೇ ಮನೆಗೆ ಬಂದಳಂತೆ. ಏನೂ ದೋಷ ಸಿಗಲಿಲ್ಲ. ಒಮಾನಿಗೆ ಬಂದ ಮೇಲೆ ಮಸ್ಕತ್ತಿನ ಒಬ್ಬ ಮಲಯಾಳಿ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಎಲ್ಲ ಕಾಗದ ತಿರುವಿ ನೋಡಿ ಹಿಂದಿಯಲ್ಲಿ ಕೇಳಿದರು, "ಇವರದ್ದೆಲ್ಲ ಆಗಿದೆ. ನಿಮ್ಮದು?"

"ನನ್ನದೆಂತ?"

"ನಿಮ್ಮ ಟೆಸ್ಟ್. ಒಂದು ಸ್ಯಾಂಪಲ್ ಕೊಟ್ಟರೆ ಆಯಿತು. ನೋವಿಲ್ಲ."

ನಾನು ಎದ್ದು ಹೊರಗೆ ಬಂದೆ. ಕಾರಿನಲ್ಲಿ ಕುಳಿತು ಹಾರ್ನ್ ಹೊಡೆದೆ. ಅವಳು ಕಾಗದಗಳನ್ನು ಕೂಡಿಸಿಕೊಂಡು ಬರುವವರೆಗೂ ಹೊಡೆಯುತ್ತಲೇ ಇದ್ದೆ. ಬರ್ಕಾ ಮುಟ್ಟುವವರೆಗೆ ಬೈದೆ. ಡಾಕ್ಟರಿಗೆ, ಅವಳಿಗೆ, ಅವಳನ್ನು ಹೆತ್ತವರಿಗೆ. ನಾನು ಗಂಡಸಲ್ಲವೋ? ಮರ ಹತ್ತುತ್ತೇನೆ, ಗೊಬ್ಬರದ ಮೂಟೆ ಹೊರುತ್ತೇನೆ, ನನ್ನಲ್ಲಿ ಎಂತ ಪರೀಕ್ಷೆ ಮಾಡಲಿಕ್ಕುಂಟು? ಅವಳು ಕಾಗದಗಳನ್ನು ಮಡಿಲಲ್ಲಿಟ್ಟು ಒಂದೊಂದಾಗಿ ಜೋಡಿಸುತ್ತಿದ್ದಳು. ಅಷ್ಟು ಪರೀಕ್ಷೆಗಳನ್ನು ಸುಮ್ಮನೆ ಸಹಿಸಿದವಳು ಎದುರಿಗಿದ್ದಾಗ, ನೋವಿಲ್ಲದ ಒಂದನ್ನು ಮಾಡಿಸಿಕೊಳ್ಳಲಾರದೆ ಹಾರ್ನ್ ಹೊಡೆದವನು ನಾನು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಇದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿದೆ.

ಪ್ರತಿ ವರ್ಷ ಪರಾಗ ಕಟ್ಟುವ ಕಾಲದಲ್ಲಿ ಮೊದಲ ಎಳೆಯನ್ನು ಒಬ್ಬ ಮುತ್ತೈದೆಯ ಕೈಯಿಂದ ಇಡಿಸುವ ಪದ್ಧತಿಯನ್ನು ನಾನೇ ತಂದೆ. ಒಮಾನಿಗಳಲ್ಲಿ ಅಂಥದ್ದಿಲ್ಲ, ಅವರು ಬಿಸ್ಮಿಲ್ಲಾ ಹೇಳಿ ಹತ್ತುತ್ತಾರೆ. ನಾನು ಊರಿನ ಶಾಸ್ತ್ರವನ್ನು ಅಲ್ಲಿಗೆ ಎಳೆದು ತಂದೆ. ಕೈಗೆಟಕುವಷ್ಟು ಗಿಡ್ಡದ ಒಂದು ಹೆಣ್ಣು ಮರವಿತ್ತು. ಶುಕ್ರವಾರ ಬಂದ ಮನೆಯವರಲ್ಲಿ ಯಾರಿಗೆ ಮಕ್ಕಳಿದ್ದಾರೋ ನೋಡಿ, "ಬನ್ನಿ ಅಮ್ಮ, ನಿಮ್ಮ ಕೈಗುಣದಿಂದ ಶುರು ಆಗ್ಲಿ" ಎಂದು ಕರೆದು, ಅವರ ಕೈಯಲ್ಲಿ ಇಡಿಸಿ, ಕುಂಕುಮ ಕೊಡಿಸುತ್ತಿದ್ದೆ. ಕುಂಕುಮದ ಬಟ್ಟಲು ಹಿಡಿದು ನಿಲ್ಲುತ್ತಿದ್ದವಳು ನನ್ನ ಹೆಂಡತಿ. ಅವಳ ಕೈಗೆ ಆ ಎಳೆಯನ್ನು ಒಮ್ಮೆಯೂ ಕೊಡಲಿಲ್ಲ. ಯಾರೂ ಹಾಗೆ ಮಾಡೆಂದು ನನಗೆ ಹೇಳಿರಲಿಲ್ಲ. ಇದು ಪೂರ್ತಿ ನನ್ನ ತಲೆಯಿಂದ ಬಂದದ್ದು.

ಅಂಥದೇ ಒಂದು ಶುಕ್ರವಾರ ಮೈಸೂರು ಕಡೆಯ ಒಬ್ಬ ಹಿರಿಯ ಹೆಂಗಸು ಮೊದಲ ಎಳೆ ಇಟ್ಟು, ಕುಂಕುಮ ತೆಗೆದುಕೊಳ್ಳುತ್ತ ನನ್ನವಳನ್ನು ಕೇಳಿದರು, "ಏನಮ್ಮ, ಈ ಸಲನಾದ್ರೂ ಏನಾದ್ರೂ ವಿಶೇಷ ಇದ್ಯಾ?"

"ಇಲ್ಲ ಆಂಟಿ."

"ಯೋಚ್ನೆ ಮಾಡ್ಬೇಡ. ದೇವರು ಕಣ್ಣು ಬಿಡ್ತಾನೆ."

ಅಷ್ಟು ಹೊತ್ತಿಗೆ ಬರ್ಕಾ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬರು ಪಿಕಪ್ಪಿನಿಂದ ಇಳಿದು ಬಂದರು. ಉಳ್ಳಾಲದವರು. ನನಗೆ ಅಣ್ಣ ಎನ್ನುತ್ತಿದ್ದರು, ನಾನು ಸಾಹೇಬರೇ ಎನ್ನುತ್ತಿದ್ದೆ. ಅವರಿಗೆ ವೀಸಾ ಕೊಟ್ಟ ಒಮಾನಿ ಕಫೀಲ್ ತನ್ನ ಮನೆಯ ಹಿಂದಿನ ಖರ್ಜೂರದ ಮರಗಳನ್ನು ನೋಡಿಕೊಳ್ಳಲು ಅವರಿಗೇ ಬಿಟ್ಟಿದ್ದ.

"ಅಣ್ಣ, ಆ ಮರಗಳನ್ನೆಲ್ಲ ತೆಗ್ಸಿ ಬಿಡ್ತೇನೆ ನಾನು. ಹೋದ ವರ್ಷ ಇಡೀ ಗೊಂಚಲು ಬರೀ ಸೊಟ್ಟ ಕಾಯಿ. ಬೀಜವೇ ಇಲ್ಲ. ಮರ ಬಂಜೆ ಬಿದ್ದಿದೆ ಮಾರಾಯ್ರೆ."

ಆ ಶಬ್ದ ಬಂದಾಗ ಹೆಂಗಸರೆಲ್ಲರ ಕಣ್ಣು ನನ್ನ ಹೆಂಡತಿಯ ಕಡೆ ತಿರುಗಿತು. ನನಗೆ ಅದು ತಗುಲಲಿಲ್ಲ. ನನಗೆ ಕಂಡದ್ದು ನನ್ನ ಕಥೆ ಹೇಳಲು ಸಿಕ್ಕ ಅವಕಾಶ ಮಾತ್ರ. ಎದೆ ಉಬ್ಬಿಸಿದೆ.

"ಸಾಹೇಬ್ರೇ, ಮರಕ್ಕೆ ಎಂತಕ್ಕೆ ಬೈತೀರಿ? ಹೆಣ್ಣು ಮರದ ಹೂವು ಸರಿಯಾಗೇ ಉಂಟು. ನೋಡಿ, ಇದರಲ್ಲಿ ಮೂರು ಅಂಡಾಶಯ. ಪರಾಗ ಸರಿ ಇದ್ರೆ ಒಂದು ಹಣ್ಣಾಗ್ತದೆ, ಎರಡು ಉದುರ್ತದೆ. ಪರಾಗ ಸತ್ತಿದ್ರೆ ಮೂರೂ ಹಾಗೇ ಬೆಳೀತದೆ, ಬೀಜ ಇಲ್ದೆ. ಪಾಪದ ಮರ ಅದರ ಕೆಲಸ ಅದು ಮಾಡ್ತಾ ಉಂಟು. ಮೊದ್ಲು ಗಂಡನ್ನು ನೋಡಿ. ಅವನ ಪುಡಿಯಲ್ಲಿ ಜೀವ ಇದೆಯಾ ಇಲ್ವಾ ಪರೀಕ್ಷೆ ಮಾಡಿ. ಅದನ್ನು ಮಾಡದೆ ಹೆಣ್ಣು ಮರಕ್ಕೆ ಕೊಡಲಿ ಹಾಕುವವ ಮುಠ್ಠಾಳ!"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, "ಆಯ್ತು ಮಾರಾಯ್ರೆ, ನಾನು ಮುಠ್ಠಾಳ" ಎಂದರು.

ನನ್ನ ಹೆಂಡತಿ ಕುಂಕುಮದ ಬಟ್ಟಲನ್ನು ಮರದ ಬುಡದ ಕಲ್ಲಿನ ಮೇಲೆ ಇಟ್ಟಳು. ಅವಳ ದನಿ ಏರಲಿಲ್ಲ.

"ಓ ಇವರೇ, ಸಾಹೇಬ್ರಿಗೆ ಹೇಳಿದ್ದನ್ನು ಆ ಡಾಕ್ಟರಮ್ಮನಿಗೂ ಒಮ್ಮೆ ಹೇಳಿ ಬನ್ನಿ."

ಮೈಸೂರಿನವರಿಗೆ ಅರ್ಥವಾಗಲಿಲ್ಲ. ಯಾವ ಡಾಕ್ಟರಮ್ಮ ಎಂದು ಒಬ್ಬರನ್ನೊಬ್ಬರು ನೋಡಿದರು. ಆ ಡಾಕ್ಟರಮ್ಮನ ಮೇಲಿನ ನನ್ನ ಬೈಗುಳ ಕೇಳಿದ್ದ ಸಾಹೇಬರಿಗೆ ಅರ್ಥವಾಯಿತು. ಅವರು ತಲೆ ತಗ್ಗಿಸಿ ಪಿಕಪ್ಪಿನ ಟೈರನ್ನು ಕಾಲಿನಿಂದ ಒತ್ತಿ ಒತ್ತಿ ನೋಡತೊಡಗಿದರು.

ಜನ ಹೋದ ಮೇಲೆ ನಾನು ಮಾಡಿದ್ದು ಇದು: ಬಾಗಿಲ ಪಕ್ಕದ ಆ ದಾಸವಾಳವನ್ನು ಎರಡೂ ಕೈಯಲ್ಲಿ ಹಿಡಿದು ಬುಡಸಮೇತ ಕಿತ್ತೆ. ಬೇರು ಗಟ್ಟಿಯಿತ್ತು, ಕಾಲು ಕೊಟ್ಟು ಎಳೆದೆ. ಅವಳ ಮೇಲೆ ಕೈ ಮಾಡಲಿಲ್ಲ ಎಂದು ಆಗ ನನ್ನನ್ನು ನಾನೇ ಮೆಚ್ಚಿಕೊಂಡೆ. ಅವಳು ಹೊಸ್ತಿಲಲ್ಲಿ ನಿಂತು ಪೂರ್ತಿ ನೋಡಿದಳು.

"ಆಯ್ತಾ?"

"ಜನರ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ!"

"ನನ್ನದು ದಿನಾ ಹೋಗ್ತದಲ್ಲ, ಅದಕ್ಕೆ ಎಂತ ಕೀಳ್ಲಿ ನಾನು? ಕೇಳಿ. ನಿಮ್ಮ ಅಕ್ಕ ಊರಲ್ಲಿ ನಿಮಗೆ ಇನ್ನೊಂದು ಹುಡುಗಿ ನೋಡ್ತಾ ಇದ್ದಾರೆ. ನನ್ನ ಅಣ್ಣ ಫೋನ್ ಮಾಡಿ ಹೇಳಿದ. ನಿಮಗೂ ಗೊತ್ತುಂಟು."

ಗೊತ್ತಿತ್ತು. ನಾನು ಹೌದು ಎಂದಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

"ನೀವು ಹೋಗು ಅಂದ್ರೆ ಹೋಗ್ತೇನೆ. ಅಣ್ಣನ ಮನೆಯಲ್ಲಿ ಒಂದು ಮೂಲೆ ಸಿಕ್ಕೀತು. ಆದ್ರೆ ಬಂಜೆ ಅಂತ ಹೋಗುದಿಲ್ಲ. ನೀವು ಟೆಸ್ಟ್ ಮಾಡ್ಸಿ. ನಿಮ್ಮಲ್ಲಿ ಎಲ್ಲ ಸರಿ ಇದ್ರೆ ನನ್ನ ಬಾಯಿ ಮುಚ್ಚಿತು. ಇಲ್ಲದಿದ್ರೆ ನಿಮ್ಮ ಅಕ್ಕನಿಗೆ ನೀವೇ ಹೇಳ್ಬೇಕು. ನನಗೆ ಬೇರೆ ಎಂತದೂ ಬೇಡ."

ಅವಳು ಕೇಳಿದ್ದು ಅಷ್ಟೇ. ಮಗು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಒಂದು ಮಾತು ನನ್ನ ಬಾಯಿಯಿಂದ ನನ್ನ ಅಕ್ಕನ ಕಿವಿಗೆ ಹೋಗಬೇಕು, ಇಷ್ಟೇ.

ಕೆಲವು ವಾರ ನಾನು ಮುಖ ಊದಿಸಿಕೊಂಡು ಓಡಾಡಿದೆ. ಕೊನೆಗೆ ಸಾಹೇಬರೇ ಒಂದು ಬೆಳಿಗ್ಗೆ ಪಿಕಪ್ ತಂದು ನಿಲ್ಲಿಸಿ, "ಅಣ್ಣ, ಮಸ್ಕತ್ತಿಗೆ ಹೋಗ್ತೇನೆ, ಹತ್ತಿ. ಯಲ್ಲಾ, ಹೊರಡುವ" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ದಾರಿಯಲ್ಲಿ ಒಮ್ಮೆ ಮಾತ್ರ, "ನಾನು ಮರಕ್ಕೆ ಬೈದೆ, ನೀವು ನನಗೆ ಬೈದ್ರಿ. ಇವತ್ತು ಯಾರಿಗೆ ಯಾರು ಬೈಯುದು ನೋಡುವ" ಎಂದು ನಕ್ಕರು. ನಾನು ನಗಲಿಲ್ಲ.

ಅದೇ ಡಾಕ್ಟರಮ್ಮ. ನನ್ನ ಹಾರ್ನಿನ ಸದ್ದು ಆಕೆಗೆ ನೆನಪಿತ್ತೋ ಏನೋ, ಮುಖದಲ್ಲಿ ತೋರಿಸಲಿಲ್ಲ. ಪರೀಕ್ಷೆಯಾಯಿತು. ಖಚಿತ ಮಾಡಿಕೊಳ್ಳಲು ಇನ್ನೊಮ್ಮೆಯೂ ಆಯಿತು. ಎರಡನೆಯ ಸಲ ಹೋದಾಗ ಆಕೆ ಕೇಳಿದರು, "ಹರೆಯದಲ್ಲಿ ಕೆನ್ನೆ ಊದಿ ಜ್ವರ ಬಂದಿತ್ತಾ? ಕೆಳಗೂ ಊದಿತ್ತಾ?" ಬಂದಿತ್ತು. ನರ್ಸರಿಯ ಕೆಲಸಕ್ಕೆ ಸೇರಿದ ವರ್ಷ ಮಂಗನಬಾವು ಆಗಿ, ನಡೆಯಲೂ ಆಗದೆ ಚಾಪೆಯ ಮೇಲೆ ಬಿದ್ದಿದ್ದೆ. ಆಗ ಅಕ್ಕನೇ ಗಂಜಿ ಕುಡಿಸಿದ್ದಳು. "ಎಲ್ಲ ಭಾಗ ಸರಿಯಾಗಿದೆ," ಎಂದರು ಡಾಕ್ಟರಮ್ಮ, "ಆದರೆ ಜೀವ ಇರುವ ಒಂದು ಕಣವೂ ಇಲ್ಲ."

ಎಲ್ಲ ಪಾರ್ಟ್ಸ್ ಇದ್ಯಲ್ಲ, ಅಂಕಲ್.

ರಿಪೋರ್ಟನ್ನು ಸಾಹೇಬರು ಡೀಸೆಲ್ ಹಾಕಿಸಲು ಇಳಿದಾಗ ಸಣ್ಣಗೆ ಹರಿದು ಪಂಪಿನ ಕಸದ ಡಬ್ಬಕ್ಕೆ ಹಾಕಿದೆ. ಮನೆಗೆ ಬಂದು ಹೆಂಡತಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಷ್ಟಾದರೂ ಮಾಡಿದೆ. ಅವಳು ಅಳಲಿಲ್ಲ, ನನ್ನನ್ನು ಜರೆಯಲೂ ಇಲ್ಲ. ಅಡುಗೆಮನೆಯಿಂದ ಫೋನ್ ಕಾರ್ಡು ತಂದು ನನ್ನ ಮುಂದೆ ಇಟ್ಟು, ಎದುರಿನ ಕುರ್ಚಿಯಲ್ಲಿ ಕುಳಿತಳು.

ನಾವು ಮತ್ತೆ ಡಾಕ್ಟರನ್ನು ನೋಡುತ್ತಿರುವ ಸುದ್ದಿ ತಿಳಿದು ಕಾಯುತ್ತಿದ್ದ ಅಕ್ಕ ಮೊದಲ ರಿಂಗಿಗೇ ಎತ್ತಿದಳು. "ಎಂತ ಹೇಳಿದ್ರು ತಮ್ಮ, ಡಾಕ್ಟ್ರು?"

ಬಾಯಿ ತೆರೆದೆ. ಹೆಂಡತಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು. "ಇಬ್ಬರಿಗೂ ಏನೂ ತೊಂದರೆ ಇಲ್ಲಂತೆ ಅಕ್ಕ. ದೇವರ ಇಚ್ಛೆ."

"ನಿನಗೆ ತೊಂದರೆ ಇಲ್ಲ ಅಂದ್ರೆ ಮತ್ತೆ ಎಂತ ಅರ್ಥ ಮಾರಾಯ? ಅವಳದ್ದೇ ಅಲ್ವಾ? ನಾನು ಹೇಳಿದ್ದೇ ಅದು. ಆ ಹುಡುಗಿಯ ಮನೆಯವರು ಈಗ್ಲೂ ಕಾಯ್ತಾ ಇದ್ದಾರೆ..."

"ಇನ್ನೊಂದು ಮದುವೆ ಬೇಡ ಅಕ್ಕ" ಎಂದು ಹೇಳಿ ಇಟ್ಟೆ.

ಹೆಂಡತಿ ಎದ್ದು ಹೋಗಿ ಅಕ್ಕಿ ಆರಿಸಲು ಕುಳಿತಳು. ನಾನು ಹೊರಗೆ ಹೋಗಿ ಮೋಟರ್ ಚಾಲೂ ಮಾಡಿದೆ. ಏನೋ ಸದ್ದು ಬೇಕಾಗಿತ್ತು. ಎರಡನೆಯ ಮದುವೆ ಬೇಡವೆಂದೆನಲ್ಲ, ಅದು ನನಗೆ ದೊಡ್ಡ ಹೆಸರು ತಂದಿತು. ಮಕ್ಕಳಾಗದ ಹೆಂಡತಿಯನ್ನು ಬಿಡದವನು ಎಂದು ಊರಲ್ಲಿ, ಮಸ್ಕತ್ತಿನಲ್ಲಿ, ಸೊಹಾರಿನಲ್ಲಿ ಜನ ಮಾತಾಡಿಕೊಂಡರು. ನಾನು ಅದನ್ನೂ ಬಾಯಿಮುಚ್ಚಿ ತೆಗೆದುಕೊಂಡೆ.

ಮುಂದಿನ ವರ್ಷ ಪರಾಗದ ಕಾಲ ಬಂತು. ಶುಕ್ರವಾರದ ಜನರೂ ಬಂದರು. ನಾನು ಗಂಡು ಹೂವಿನ ಮೊದಲ ಎಳೆಯನ್ನು ಹೆಂಡತಿಯ ಕಡೆ ಚಾಚಿದೆ. ಅದು ದೊಡ್ಡ ಪ್ರಾಯಶ್ಚಿತ್ತ ಎಂದು ತಿಳಿದಿದ್ದೆ. ಅವಳು ಕೈ ಮುಂದೆ ಮಾಡಲಿಲ್ಲ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು, "ನನ್ನ ಕೈ ಈಗ ಸರಿ ಆಯ್ತಾ? ಹೇಳ್ಬೇಕಾದವರ ಹತ್ರ ಹೇಳಿ. ಮರದ ಹತ್ರ ಬೇಡ." ಎಳೆಯನ್ನು ಆಳಿನ ಕೈಗೆ ಕೊಟ್ಟೆ. ಆ ಶಾಸ್ತ್ರವನ್ನು ಅಂದಿಗೇ ನಿಲ್ಲಿಸಿದೆ. ಹೂವಿನ ಪಾಠವೂ ನಿಂತಿತು. ಸೀಳಿ ತೋರಿಸಲು ದಾಸವಾಳವೂ ಇರಲಿಲ್ಲ.

ಹೀಗೇ ವರ್ಷಗಳು ಹೋದವು. ಸಾಹೇಬರು ಅಂಗಡಿ ಮುಚ್ಚಿ ಉಳ್ಳಾಲಕ್ಕೆ ಮರಳಿದರು. ಅಕ್ಕನ ಮಗಳಿಗೆ ಸೊಹಾರಿನಲ್ಲಿ ಕೆಲಸದಲ್ಲಿದ್ದ ಹುಡುಗನೊಂದಿಗೆ ಮದುವೆಯಾಯಿತು. ಅವಳು ಬಸುರಿಯಾದಾಗ ಅಕ್ಕ ವಿಸಿಟ್ ವೀಸಾದಲ್ಲಿ ಬಂದಳು. ಸೊಹಾರಿನ ಫ್ಲಾಟಿನಲ್ಲಿ ಸೀಮಂತ. ನಮ್ಮ ಶುಕ್ರವಾರದ ಮನೆಯವರಲ್ಲಿ ಅನೇಕರು ಬಂದಿದ್ದರು, ಆ ಮೈಸೂರಿನ ಹಿರಿಯ ಹೆಂಗಸೂ ಸಹ.

ಹಸಿರು ಬಳೆ ತೊಡಿಸಿದರು, ಮಲ್ಲಿಗೆ ಮುಡಿಸಿದರು. ಒಬ್ಬೊಬ್ಬ ಹೆಂಗಸೂ ಹೋಗಿ ಅರಿಶಿನ ಹಚ್ಚಿ ಆರತಿ ಎತ್ತುತ್ತಿದ್ದರು. ನನ್ನ ಹೆಂಡತಿ ತಟ್ಟೆಯ ಹತ್ತಿರ ಬಂದಾಗ ಅಕ್ಕ ಅಡ್ಡ ಬಂದು, ನಗುತ್ತಲೇ, "ನೀನು ಒಳಗೆ ಪಾಯಸ ನೋಡು ಮಾರಾಯ್ತಿ, ತಳ ಹಿಡಿದೀತು" ಎಂದಳು.

ತಳ ಹಿಡಿಯುವ ಹಾಗಿರಲಿಲ್ಲ. ಒಲೆ ಆರಿಸಿ ಆಗಿತ್ತು. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಅವಳು ತಿರುಗಿ ಒಳಗೆ ಹೋದಳು. ಅವಳು ತಿರುಗಿದ ರೀತಿಯಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ. ನನ್ನೊಳಗೆ ಏನೋ ಹರಿದದ್ದು ಅದನ್ನು ನೋಡಿ.

ಎದ್ದು ನಿಂತೆ. ಗಂಡಸರು ಕುಳಿತಿದ್ದ ಕಡೆಯಿಂದ ಹೆಂಗಸರ ನಡುವೆಯೇ ಹೋಗಿ ನಿಂತೆ.

"ಅಕ್ಕ, ಅವಳಲ್ಲಿ ಎಂತ ದೋಷವೂ ಇಲ್ಲ. ದೋಷ ನನ್ನದು. ಟೆಸ್ಟ್ ಮಾಡಿಸಿದ್ದೇನೆ. ಆವತ್ತು ಮಂಗನಬಾವು ಬಂದಿತ್ತಲ್ಲ, ಅದರಿಂದ. ನನ್ನಿಂದ ಮಕ್ಕಳಾಗ್ಲಿಕ್ಕೆ ಸಾಧ್ಯ ಇಲ್ಲ. ಎಲ್ಲರೂ ಕೇಳಿಕೊಳ್ಳಿ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

ಮೊದಲು ಮಾತಾಡಿದ್ದು ಅಕ್ಕ. "ಇದೆಂತದು ನಿನ್ನ ನಾಟಕ? ಆಗ ನೀನೇ ಫೋನಲ್ಲಿ ಹೇಳಿದ್ದಲ್ವಾ, ನಿನಗೆ ಏನೂ ತೊಂದರೆ ಇಲ್ಲ ಅಂತ? ಅವಳ ಮುಖ ಸಣ್ಣ ಆಯ್ತು ಅಂತ ಈಗ ಸುಳ್ಳು ಹೇಳ್ತೀಯಾ?"

"ಆಗ ಹೇಳಿದ್ದು ಸುಳ್ಳು. ಇದು ಸತ್ಯ. ಬೇಕಾದ್ರೆ ನಾಳೆಯೇ ಮತ್ತೊಮ್ಮೆ ಟೆಸ್ಟ್ ಮಾಡಿಸ್ತೇನೆ."

"ಸಾಕು, ಕೂತ್ಕೊ. ಶುಭ ಕಾರ್ಯದ ಮನೆ ಇದು."

ಆಗ ಆ ಮೈಸೂರಿನ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನೋಡ್ರೀ, ಹೆಂಡ್ತಿ ಮಾನ ಉಳ್ಸೋಕೆ ಇಷ್ಟು ಜನದ ಮುಂದೆ ತನ್ನ ಮೇಲೆ ಹಾಕ್ಕೊಂಡ್ರಲ್ಲ! ಯಾವ ಗಂಡಸು ಹೀಗೆ ಹೇಳ್ತಾನೆ? ಪುಣ್ಯ ಮಾಡಿದ್ಲು ಕಣ್ರೀ ಅವ್ಳು."

"ದೇವರಂಥವ್ರು ಬಿಡಿ" ಎಂದರು ಇನ್ನೊಬ್ಬರು. ಅಳಿಯ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ನಾನು ಇಲ್ಲ, ಇಲ್ಲ ಎಂದು ಕೂಗಿದಷ್ಟೂ ಅವರ ಕಣ್ಣು ಒದ್ದೆಯಾಗುತ್ತ ಹೋಯಿತು. ಮತ್ತೊಮ್ಮೆ ಟೆಸ್ಟ್ ಎಂದದ್ದು ಯಾರಿಗೂ ಬೇಕಿರಲಿಲ್ಲ, ನನ್ನ ಮಾತನ್ನು ನಂಬಿಸಲು ನನ್ನಲ್ಲಿ ಬೇರೇನೂ ಉಳಿದಿರಲಿಲ್ಲ. ಕಾಗದ ಹರಿದವನು ನಾನು, ಸುಳ್ಳು ಬಿತ್ತಿದವನು ನಾನು, ಆ ಸುಳ್ಳಿಗೆ ಬೇರು ಇಳಿಯಲು ಅಷ್ಟು ವರ್ಷ ಕೊಟ್ಟವನೂ ನಾನು.

ಬರ್ಕಾಕ್ಕೆ ಮರಳುವಾಗ ತೋಟದ ಪಿಕಪ್ಪಿನಲ್ಲಿ ನಾವಿಬ್ಬರೇ. ಹೆದ್ದಾರಿಯ ಎರಡೂ ಕಡೆ ಖರ್ಜೂರದ ಮರಗಳು, ಗೊಂಚಲುಗಳಿಗೆ ಬಲೆಯ ಚೀಲ ಕಟ್ಟಿದ್ದರು. ಬಹಳ ದೂರ ಬಂದ ಮೇಲೆ ಕೇಳಿದೆ, "ಹೇಳಿದೆನಲ್ಲ, ಕೇಳಿಸ್ತಾ?"

"ಕೇಳಿಸ್ತು."

"ಮತ್ತೆ?"

"ಮತ್ತೆ ಎಂತ? ನೀವು ದೇವರಾದ್ರಿ. ನಾನು ಮೊದಲಿನ ಹಾಗೇ ಇದ್ದೇನೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವಳ ಪಾಲಿನ ಕೋಪವನ್ನೂ ಅಂದಿನಿಂದ ನಾನೇ ಹೊತ್ತುಕೊಂಡಿದ್ದೇನೆ.

ಈಗ ನಾವಿಬ್ಬರೂ ಊರಲ್ಲಿದ್ದೇವೆ. ಬಾಗಿಲ ಪಕ್ಕದಲ್ಲಿ ಅವಳು ಮತ್ತೆ ಕೆಂಪು ದಾಸವಾಳ ನೆಟ್ಟಿದ್ದಾಳೆ, ನಾನು ಅದನ್ನು ಮುಟ್ಟುವುದಿಲ್ಲ. ಅಕ್ಕ ತೀರಿಕೊಂಡಳು. ಕೊನೆಯವರೆಗೂ ಅವಳು ನಂಬಿದ್ದು ಫೋನಿನಲ್ಲಿ ಹೇಳಿದ ಮಾತನ್ನೇ. ಉಳಿದವರಿಗಾಗಿ ಬರೆಯುತ್ತಿದ್ದೇನೆ. ನನ್ನ ಹೆಂಡತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಸತ್ತ ಪರಾಗ ನನ್ನದು. ಅದು ಕಾಯಿಲೆಯಿಂದ ಬಂದದ್ದು, ಅದಕ್ಕೆ ನಾನು ಹೊಣೆಯಲ್ಲ. ಹಾರ್ನ್ ಹೊಡೆದದ್ದಕ್ಕೆ, ಕುಂಕುಮದ ಬಟ್ಟಲು ಹಿಡಿಸಿ ನಿಲ್ಲಿಸಿದ್ದಕ್ಕೆ, ಆ ಗಿಡ ಕಿತ್ತದ್ದಕ್ಕೆ, ಆ ಒಂದು ಫೋನಿಗೆ ಹೊಣೆ ನಾನೇ. ಇದನ್ನು ಓದಿದ ಮೇಲೂ ಯಾರಾದರೂ ನನ್ನನ್ನು ಒಳ್ಳೆಯ ಗಂಡ ಎನ್ನುವುದಾದರೆ, ಅವರು ಇದನ್ನು ಓದಿಲ್ಲ ಎಂದೇ ತಿಳಿಯುತ್ತೇನೆ.